ಎಗ್ ಮೆಚೂರ್ ಆಗೋದು ಅಂದ್ರ ಒಳಗ ಏನಾಗ್ತದ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಾಗ ಟೆಸ್ಟ್ ಟ್ಯೂಬ್ ಬೇಬಿ (ಐವಿಎಫ್) ಬಗ್ಗೆ ಒಂದು ಸಣ್ಣ ಉತ್ತರ ಹಾಕಿದ್ವಿ, ಅದಾದ ಮ್ಯಾಲ ಸಿಂಧನೂರು, ಬಳ್ಳಾರಿ, ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪ ಹಿಂಗ ಎಲ್ಲಾ ಕಡೆಯಿಂದ ಪತ್ರ ಬಂದಾವ, ವಾಟ್ಸಾಪಿನಾಗೂ ಬಂದಾವ. ಹೆಣ್ಣುಮಕ್ಕಳ ಪ್ರಶ್ನೆ ಒಂದು, ಕಾಲೇಜ್ ಹುಡುಗರದ್ದು ಇನ್ನೊಂದು, ಕುರಿ ಸಾಕೋರದ್ದು ಮತ್ತೊಂದು, ಆದ್ರ ಎಲ್ಲಾ ಪ್ರಶ್ನೆಗೂ ಬೇರು ಒಂದೇ ಕಡೆ ಅದ, ಅದಕ್ಕ ಈ ಸಲ ಪೂರ್ತಿ ಅಂಕಣ ಇದಕ್ಕೇ ಕೊಟ್ಟೀವಿ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗ 31 ವರ್ಷ. ಐವಿಎಫ್ ಮಾಡಿಸ್ಕೊಳ್ಳಾಕತ್ತೀನಿ. ರಾತ್ರಿ ಕರೆಕ್ಟ್ 10 ಗಂಟೆಗೆ ಟ್ರಿಗರ್ ಇಂಜೆಕ್ಷನ್ ತಗೋಬೇಕು, ಟೈಮ್ ತಪ್ಪಬಾರದು ಅಂತ ಹತ್ತು ಸಲ ಹೇಳಿದ್ರು. ಮೂರನೇ ದಿನ ಬೆಳಿಗ್ಗೆ 14 ಎಗ್ ತೆಗೆದ್ರು, ಅದರಾಗ ಮೆಚೂರ್ ಆಗಿದ್ದು 11 ಮಾತ್ರ ಅಂದ್ರು. ಮನ್ಯಾಗ ಅತ್ತಿಯವರು ನೀನು ಪಪ್ಪಾಯಿ ತಿಂದಿ, ಬಿಸಿಲಾಗ ಓಡಾಡಿದಿ, ಅದಕ್ಕ ಮೂರು ಹಸಿ ಉಳದಾವ ಅಂತಾರ. ನನ್ನಿಂದ ಏನು ತಪ್ಪಾಗ್ಯದ? (ಸಿಂಧನೂರು)

ತಂಗಿ, ನಿನ್ನಿಂದ ಏನೂ ತಪ್ಪಾಗಿಲ್ಲ, ಇದನ್ನ ಮೊದಲು ತಲಿಯಾಗ ಇಟ್ಕೋ. 14ರಾಗ 11 ಅಂದ್ರ ನೂರಕ್ಕ ಹತ್ತಿರತ್ತಿರ 79 ಆತು, ಸಾಮಾನ್ಯವಾಗಿ ತೆಗೆದ ಎಗ್‌ಗಳಾಗ ನೂರಕ್ಕ 75-80ರಷ್ಟೇ ಮೆಚೂರ್ ಇರ್ತಾವ, ಹಂಗಾಗಿ ನಿಂದು ಒಳ್ಳೆ ರಿಸಲ್ಟ್ ಅಂತನೇ ಹೇಳಬೇಕು. ಪಪ್ಪಾಯಿಗೂ ಇದಕ್ಕೂ ಸಂಬಂಧ ಇಲ್ಲ.

ಈಗ ಮೆಚೂರ್ ಅಂದ್ರ ಏನು ಅಂತ ಹೇಳ್ತೀನಿ, ಯಾಕಂದ್ರ ಈ ಮಾತು ಕೇಳಿದ ಕೂಡ್ಲೇ ಎಲ್ಲರೂ ಗಾತ್ರ ಅಂತ ತಿಳ್ಕೋತಾರ, ಎಗ್ ದೊಡ್ಡದಾಗಿಲ್ಲ, ಶಕ್ತಿ ಬಂದಿಲ್ಲ ಅಂತ. ಮೆಚೂರ್ ಆಗದ ಎಗ್ ಕೂಡ ಗಾತ್ರದಾಗ ಹೆಚ್ಚುಕಡಿಮಿ ಅಷ್ಟೇ ಇರ್ತದ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಫರಕು ಇರೋದು ಕ್ರೋಮೋಸೋಮಿನಾಗ. ಎಗ್ಗಿನಾಗ, ಅಂದ್ರ ಅಂಡಾಣುವಿನಾಗ, ಮೊದಲು 46 ಕ್ರೋಮೋಸೋಮ್ ಜೋಡಿ ಜೋಡಿಯಾಗಿ ಕೂತಿರ್ತಾವ, ಗಂಡಿನ ಕಡೆಯಿಂದ 23 ಬರೋದು ಇರೋದ್ರಿಂದ ಇಲ್ಲೂ 23ಕ್ಕೆ ಇಳೀಬೇಕು. ಆ ಕೆಲಸಕ್ಕ ಮಿಯೋಸಿಸ್ ಅಂತಾರ. ಮೊದಲನೇ ಹಂತ ಮುಗಿದಾಗ ಅರ್ಧ ಕ್ರೋಮೋಸೋಮ್ ಒಂದು ಸಣ್ಣ ಚೂರಿನಾಗ ಹೊರಗ ಬೀಳ್ತಾವ, ಆ ಚೂರಿಗೆ ಪೋಲಾರ್ ಬಾಡಿ ಅಂತ ಹೆಸರು. ಇಕ್ಸಿ (ಗಂಡಿನ ಒಂದೇ ಬೀಜಾಣುವನ್ನ ಸೂಜಿಯಿಂದ ಎಗ್ ಒಳಗ ಬಿಡೋದು) ಮಾಡೋದಿದ್ರ ಲ್ಯಾಬಿನವರು ಎಗ್ ಸುತ್ತ ಇರೋ ಕೋಶಗಳನ್ನೆಲ್ಲಾ ಬಿಡಿಸಿ ಮೈಕ್ರೋಸ್ಕೋಪಿನ ಕೆಳಗ ನೋಡೋದು ಈ ಚೂರನ್ನೇ, ಅದು ಕಂಡ್ರ ಮೆಚೂರ್, ಇಲ್ಲಂದ್ರ ಇಲ್ಲ.

ಇನ್ನ ಟೈಮಿನ ಮಾತು. ಟ್ರಿಗರ್ ಇಂಜೆಕ್ಷನ್ ಎಗ್ಗನ್ನ ಬೆಳೆಸೋ ಔಷಧಿ ಅಲ್ಲ, ಬೆಳೆಸೋದು ಅದಕ್ಕಿಂತ ಮೊದಲು ದಿನಾ ತಗೊಂಡ ಇಂಜೆಕ್ಷನ್. ಟ್ರಿಗರ್ ಮಾಡೋದು ಎಲ್‌ಎಚ್ ಅನ್ನೋ ಹಾರ್ಮೋನಿನ ಕೆಲಸ. ಎಚ್‌ಸಿಜಿ ಅನ್ನೋ ಹಾರ್ಮೋನ್ ಕೊಟ್ರ ಅದು ಎಲ್‌ಎಚ್ ಕೂಡೋ ರಿಸೆಪ್ಟರಿಗೇ (ಕೋಶದ ಮೈಮ್ಯಾಲ ಹಾರ್ಮೋನಿನ ಸುದ್ದಿ ಹಿಡಿಯೋ ಪ್ರೋಟೀನ್) ಕೂಡ್ತದ, ಪಿಸಿಓಡಿ ಇದ್ದೋರಿಗೆ ಹೊಟ್ಟಿ ಉಬ್ಬೋ ತೊಂದರೆ ಬರಬಾರದು ಅಂತ ಕೆಲವು ಸಲ ಬೇರೆ ಇಂಜೆಕ್ಷನ್ ಕೊಟ್ಟು ಮಿದುಳಿನ ಕೆಳಗಿನ ಪಿಟ್ಯೂಟರಿಯಿಂದಲೇ ಎಲ್‌ಎಚ್ ಹೊರಡೋ ಹಂಗ ಮಾಡ್ತಾರ. ಎರಡರಾಗ ಯಾವುದಾದ್ರೂ ಅಲ್ಲಿಂದ ಎಣಿಕಿ ಶುರು. 34ರಿಂದ 36 ತಾಸಿನೊಳಗ ತೆಗೀಬೇಕು, ಬೇಗ ತೆಗೆದ್ರ ಪೋಲಾರ್ ಬಾಡಿ ಬಿದ್ದಿರಂಗಿಲ್ಲ, ತಡ ಮಾಡಿದ್ರ ಎಗ್ ಕೂತಿರೋ ಗುಳ್ಳಿ, ಅಂದ್ರ ಫಾಲಿಕಲ್, ಒಡೆದು ಎಗ್ ಹೊರಟುಹೋಗಿರ್ತದ, ಕೈಗೆ ಸಿಗಂಗಿಲ್ಲ. ಅದಕ್ಕೇ ಆ ಹತ್ತು ಗಂಟೆ ಅಷ್ಟು ಮುಖ್ಯ.

ಈ 36 ತಾಸು ಅನ್ನೋ ಲೆಕ್ಕ ಸುಮ್ಮನೆ ಬಂದಿಲ್ಲ. ಮನುಷ್ಯರ ಅಂಡಾಣು 12 ತಾಸಿಗೆ ಮೆಚೂರ್ ಆಗ್ತದ ಅಂತ ಅಮೆರಿಕಾದ ಗ್ರೆಗರಿ ಪಿಂಕಸ್ ಬರೆದಿದ್ದನ್ನ ಎಲ್ಲರೂ ನಂಬಿದ್ರು, ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಅದನ್ನೇ ನಂಬಿ ನೋಡಿದಾಗ 12 ತಾಸಿಗೆ ಏನೂ ಆಗಿರಲಿಲ್ಲ. ಕೈಗೆ ಸಿಗ್ತಿದ್ದ ಎಗ್ಗೇ ಬೆರಳೆಣಿಕೆ, ಆಪರೇಷನ್‌ನಾಗ ತೆಗೆದ ಅಂಡಾಶಯದ ಚೂರಿನಿಂದ. ಕೊನಿಗೆ ಇನ್ನೂ ಹೆಚ್ಚು ಹೊತ್ತು ಬಿಟ್ಟು ನೋಡಿದಾಗ 25 ತಾಸಿನ ಹೊತ್ತಿಗೆ ಕ್ರೋಮೋಸೋಮ್ ಚಲಿಸೋಕೆ ಶುರು ಮಾಡಿದ್ದು ಕಂಡಿತು, ಪೂರ್ತಿ ಆಗೋಕೆ ಸುಮಾರು 36 ತಾಸು ಬೇಕು ಅಂತ ಗೊತ್ತಾತು. ಅದನ್ನ 1965ರಾಗ ಲ್ಯಾನ್ಸೆಟ್ ಪತ್ರಿಕೆಯಾಗ ಬರೆದ್ರು. ಆ ಒಂದು ಲೆಕ್ಕ ಸರಿಯಾದ ಮ್ಯಾಲನೇ ಮುಂದಿನ ದಾರಿ ಕಂಡದ್ದು, ಪ್ಯಾಟ್ರಿಕ್ ಸ್ಟೆಪ್ಟೋ, ಜೀನ್ ಪರ್ಡಿ ಜೊತಿ ಸೇರಿ ಮಾಡಿದ ಕೆಲಸದಿಂದ 1978 ಜುಲೈ 25ಕ್ಕ ಜಗತ್ತಿನ ಮೊದಲನೇ ಟೆಸ್ಟ್ ಟ್ಯೂಬ್ ಬೇಬಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ಕ್ಕ ಕೋಲ್ಕತಾದಾಗ ಡಾ. ಸುಭಾಷ್ ಮುಖರ್ಜಿಯವರ ಕೈಯಿಂದ ನಮ್ಮ ದೇಶದ ಮೊದಲನೇ ಅಂಥಾ ಕೂಸು ದುರ್ಗಾ ಹುಟ್ಟಿತು, ಆದ್ರ ಅವರನ್ನ ಆಗ ಯಾರೂ ನಂಬಲಿಲ್ಲ, ಮೂರು ವರ್ಷದಾಗ ಅವರು ಜೀವ ಕಳ್ಕೊಂಡ್ರು, ಅದು ನೆನೆಸಿದ್ರ ಇವತ್ತಿಗೂ ಸಂಕಟ ಆಗ್ತದ.

ಉಳಿದ ಆ ಮೂರು ಎಗ್ ಬಗ್ಗೆ ಡಾಕ್ಟ್ರಿಗೆ ಒಂದೇ ಮಾತು ಕೇಳು, ಅವು ಯಾವ ಹಂತದಾಗ ನಿಂತಿದ್ವು ಅಂತ. ಸಣ್ಣ ಫಾಲಿಕಲ್‌ನಿಂದ ಬಂದವು ಇದ್ರ ಅವಕ್ಕ ಇನ್ನೂ ತಯಾರಿ ಆಗಿರಂಗಿಲ್ಲ, ಎಲ್‌ಎಚ್ ಬಂದ್ರೂ ಕೇಳಿಸ್ಕೊಳ್ಳಂಗಿಲ್ಲ, ಇದು ಎಲ್ಲರಿಗೂ ಆಗೋದು. ಪ್ರತಿ ಸಲ ತೆಗೆದಾಗಲೂ ಒಂದೂ ಮೆಚೂರ್ ಇಲ್ಲ ಅನ್ನೋ ಹಂಗಾದ್ರ ಮಾತ್ರ ಅದು ಬ್ಯಾರೆ ವಿಷಯ. ಅಂಥಾ ಕೆಲವರಾಗ ಟಿಯುಬಿಬಿ8 ಅನ್ನೋ ಜೀನ್ ಕೆಟ್ಟಿರೋದು 2016ರಾಗ ಗೊತ್ತಾತು, ಕ್ರೋಮೋಸೋಮ್ ಎಳೆಯೋ ದಾರಗಳೇ ಸರಿಯಾಗಿ ಕಟ್ಟಂಗಿಲ್ಲ, ಆ ದೋಷ ಭಾಳ ಸಲ ಅಪ್ಪನಿಂದ ಮಗಳಿಗೆ ಬಂದಿರ್ತದ, ಅಪ್ಪನಿಗೆ ಅದರಿಂದ ಏನೂ ತೊಂದರೆ ಇರಂಗಿಲ್ಲ. ನಿಂದು ಅದಲ್ಲ, ನಿನ್ನ 11 ಚೆಂದ ಆಗ್ಯಾವ. ಅತ್ತಿಯವರಿಗೆ ಈ ಪುಟ ಓದಿ ಹೇಳು.

ಪ್ರಶ್ನೆ: ನಾನು ಬಿಎಸ್‌ಸಿ ಓದ್ತೀನಿ. ಪುಸ್ತಕದಾಗ "ಎಲ್‌ಎಚ್ ಏರಿದಾಗ ಮಿಯೋಸಿಸ್ ಮತ್ತೆ ಆರಂಭವಾಗುತ್ತದೆ" ಅಂತ ಒಂದು ಸಾಲು ಅದ, ಅಷ್ಟೇ. ಆದ್ರ ಅಂಡಾಣು ಮ್ಯಾಲ ಎಲ್‌ಎಚ್ ರಿಸೆಪ್ಟರೇ ಇಲ್ಲ ಅಂತ ನಮ್ಮ ಸರ್ ಹೇಳಿದ್ರು. ಹಂಗಾದ್ರ ಅದಕ್ಕ ಸುದ್ದಿ ಮುಟ್ಟೋದು ಹ್ಯಾಂಗ? (ಬಳ್ಳಾರಿ)

ಈ ಪ್ರಶ್ನಿ ಓದಿ ಭಾಳ ಖುಷಿ ಆತು ತಮ್ಮ. ನಿನ್ನ ಸರ್ ಹೇಳಿದ್ದು ಸರಿ, ಪುಸ್ತಕದ ಸಾಲೂ ಸರಿ, ನಡುವಿನ ಜಾಗದಾಗ ಏನದ ಅಂತ ಹುಡುಕೋಕೆ ಮಂದಿಗೆ ಹತ್ತಾರು ವರ್ಷ ಹಿಡೀತು.

ಮೊದಲು ಹಳೇ ಸಂಗತಿ ಒಂದು. 1935ರಾಗ ಅದೇ ಪಿಂಕಸ್, ಎಂಜ್‌ಮನ್ ಅನ್ನೋರ ಜೊತಿ, ಮೊಲದ ಫಾಲಿಕಲ್ ಒಡೆದು ಅಂಡಾಣು ಹೊರಗ ತೆಗೆದು ಡಿಶ್‌ನಾಗ ಇಟ್ರು. ಯಾವ ಹಾರ್ಮೋನೂ ಹಾಕಲಿಲ್ಲ. ಆದ್ರೂ ಅದು ತಾನೇ ಮೆಚೂರ್ ಆಗೋಕೆ ಶುರು ಮಾಡ್ತು! ಇದರ ಅರ್ಥ ಏನು ಅಂತ ಸ್ವಲ್ಪ ನಿಂತು ಯೋಚನಿ ಮಾಡು. ಹೊರಗ ಬಂದ ಕೂಡ್ಲೇ ಹೊರಡ್ತದ ಅಂದ್ರ ಅದು ಒಳಗ ಇದ್ದಾಗ ಹೊರಡೋಕೆ ತಯಾರೇ ಇತ್ತು, ಯಾರೋ ಹಿಡಿದಿದ್ರು ಅಂತ ಆತಲ್ಲ. ಕಾರ ಹುಣ್ಣಿಮಿ ದಿನ ಕರಿ ಹರಿಯೋಕೆ ನಿಂತ ಎತ್ತು ನೋಡಿರ್ತಿ, ನಾಕು ಮಂದಿ ಮೂಗುದಾಣ ಜಗ್ಗಿ ಹಿಡಿದಿರ್ತಾರ, ಕೈ ಒಂಚೂರು ಸಡ್ಲಾದ್ರ ಓಡಿಬಿಡ್ತದ, ಅದಕ್ಕ ಬಾರುಕೋಲು ಬೇಕಾಗಂಗಿಲ್ಲ. ಅಂಡಾಣು ಹಂಗ. ಹುಡುಗಿ ಇನ್ನೂ ತಾಯಿ ಹೊಟ್ಟ್ಯಾಗ ಇದ್ದಾಗಲೇ ಅದರ ಮಿಯೋಸಿಸ್ ಶುರುವಾಗಿ, ನಡುವೆ ಪ್ರೊಫೇಸ್ ಅನ್ನೋ ಮೊದಲ ಹಂತದಾಗ ನಿಂತಿರ್ತದ, ಆಮ್ಯಾಲ ಹತ್ತು, ಇಪ್ಪತ್ತು, ನಲವತ್ತು ವರ್ಷ ಹಂಗೇ ನಿಲ್ಲಬೇಕು. ಬೆಳೆದ ಫಾಲಿಕಲ್‌ನಾಗ ಕೂತ ಅಂಡಾಣುವನ್ನ ಪ್ರತಿ ಕ್ಷಣ ಯಾರೋ ಹಿಡಿದಿರಲೇಬೇಕು.

ಯಾರು ಹಿಡೀತಾರ? ಮೊದಲನೇದು ಅಂಡಾಣುವೇ. ಅದರ ಮೈಮ್ಯಾಲ ಜಿಪಿಆರ್3 ಅನ್ನೋ ರಿಸೆಪ್ಟರ್ ಅದ, ಹೊರಗಿಂದ ಯಾವ ಅಣುವೂ ಬಂದು ಕೂಡೋದು ಬೇಕಿಲ್ಲ, ಅದು ಯಾವಾಗ್ಲೂ ಆನ್ ಇದ್ದಂಗೇ. ಅದು ಒಳಗ ಸೈಕ್ಲಿಕ್ ಎಎಂಪಿ ಅನ್ನೋ, ಕೋಶದೊಳಗ ಸುದ್ದಿ ಮುಟ್ಟಿಸೋ ಸಣ್ಣ ಅಣು ಮಾಡಿಸ್ತಾ ಇರ್ತದ. ಸೈಕ್ಲಿಕ್ ಎಎಂಪಿ ಹೆಚ್ಚಿದ್ದಷ್ಟು ಹೊತ್ತು ಪಿಕೆಎ ಅನ್ನೋ ಕೈನೇಸ್ (ಬೇರೆ ಪ್ರೋಟೀನಿಗೆ ಫಾಸ್ಫೇಟ್ ಹಚ್ಚೋ ಕಿಣ್ವ) ಕೆಲಸ ಮಾಡ್ತದ, ಪಿಕೆಎ ಇರೋತನಕ ಸಿಡಿಕೆ1 ಅನ್ನೋ ಇನ್ನೊಂದು ಕೈನೇಸ್ ಏಳಂಗಿಲ್ಲ, ಸಿಡಿಕೆ1 ಏಳದ ಹೊರತು ಮಿಯೋಸಿಸ್ ಮುಂದಕ್ಕ ಹೋಗಂಗಿಲ್ಲ. 2004ರಾಗ ಕನೆಕ್ಟಿಕಟ್‌ನ ಮೆಲ್‌ಮನ್, ಜಾಫೆ ಮತ್ತವರ ಜೊತಿಗಾರರು ಜಿಪಿಆರ್3 ಇಲ್ಲದ ಇಲಿ ನೋಡಿದ್ರ, ಎಲ್‌ಎಚ್ ಬರೋಕ್ಕಿಂತ ಮೊದಲೇ ಫಾಲಿಕಲ್ ಒಳಗ ಕೂತಲ್ಲೇ ಅಂಡಾಣುಗಳು ಹೊರಟುಬಿಟ್ಟಿದ್ವು.

ಆದ್ರ ಇಷ್ಟಕ್ಕೇ ಕತಿ ಮುಗಿಯಂಗಿಲ್ಲ, ಯಾಕಂದ್ರ ಅದೇ ಅಂಡಾಣುವಿನಾಗ ಪಿಡಿಇ3ಎ ಅನ್ನೋ ಕಿಣ್ವ ಅದ, ಅದರ ಕೆಲಸವೇ ಸೈಕ್ಲಿಕ್ ಎಎಂಪಿಯನ್ನ ಮುರಿಯೋದು. ಬಿಟ್ರ ಎಲ್ಲಾ ಮುರಿದು ಹಾಕ್ತದ. ಅದನ್ನ ಸುಮ್ಮನಿರಿಸೋದು ಸೈಕ್ಲಿಕ್ ಜಿಎಂಪಿ ಅನ್ನೋ ಅಂಥಾದ್ದೇ ಇನ್ನೊಂದು ಅಣು. ಮತ್ತ ಈ ಸೈಕ್ಲಿಕ್ ಜಿಎಂಪಿ ಅಂಡಾಣು ತಾನು ಮಾಡ್ಕೊಳ್ಳಂಗಿಲ್ಲ, ಅಕ್ಕಪಕ್ಕದ ಕೋಶಗಳು ಕೊಡಬೇಕು! ಫಾಲಿಕಲ್ ಗೋಡೆಯ ಗ್ರಾನುಲೋಸಾ ಕೋಶಗಳು ಸಿಎನ್‌ಪಿ ಅನ್ನೋ ಸಣ್ಣ ಪೆಪ್ಟೈಡ್ ಬಿಡ್ತಾವ, ಅಂಡಾಣು ಸುತ್ತ ಅಂಟಿಕೊಂಡ ಕ್ಯುಮುಲಸ್ ಕೋಶಗಳು ಅದನ್ನ ಎನ್‌ಪಿಆರ್2 ರಿಸೆಪ್ಟರಿನಿಂದ ಹಿಡಿದು ಸೈಕ್ಲಿಕ್ ಜಿಎಂಪಿ ಮಾಡ್ತಾವ, ಅದು ಗ್ಯಾಪ್ ಜಂಕ್ಷನ್ ಅನ್ನೋ ಸಣ್ಣ ಸಣ್ಣ ತೂತಿನಿಂದ ಅಂಡಾಣು ಒಳಗ ಇಳೀತದ. ಇದನ್ನ ತೋರಿಸಿದ್ದು 2010ರಾಗ, ಜಾನ್ ಎಪ್ಪಿಗ್ ಅವರ ಲ್ಯಾಬಿನಾಗ. ಮೊಲದ ಅಂಡಾಣು ಹೊರಗ ತೆಗೆದ ಕೂಡ್ಲೇ ಯಾಕ ಹೊರಡ್ತು ಅನ್ನೋದಕ್ಕ 75 ವರ್ಷದ ಮ್ಯಾಲ ಉತ್ತರ ಸಿಕ್ತು ನೋಡು: ಗೋಡೆಯಿಂದ ಬೇರೆ ಆತು, ಸಿಎನ್‌ಪಿ ಬರೋದು ನಿಂತಿತು, ಸೈಕ್ಲಿಕ್ ಜಿಎಂಪಿ ಖಾಲಿ ಆತು.

ಈಗ ನಿನ್ನ ಪ್ರಶ್ನೆಗೆ ಬಾ. ಎಲ್‌ಎಚ್ ಹೋಗಿ ಕೂಡೋದು ಹೊರಗಿನ ಗೋಡೆಯ ಕೋಶಗಳಿಗೆ. ಆ ಕೋಶಗಳಾಗೂ ಇರೋ ಎನ್‌ಪಿಆರ್2 ಮ್ಯಾಲಿನ ಫಾಸ್ಫೇಟ್‌ಗಳು ಕಳಚಿ ಬೀಳ್ತಾವ, ಕೆಲವೇ ನಿಮಿಷದಾಗ ಅದರ ಕೆಲಸ ಇಳೀತದ, ಪಿಡಿಇ5 ಅನ್ನೋ ಕಿಣ್ವ ಇದ್ದ ಸೈಕ್ಲಿಕ್ ಜಿಎಂಪಿ ಮುರೀತದ, ಆಮ್ಯಾಲ ಸಿಎನ್‌ಪಿ ಕೂಡ ಕಮ್ಮಿ ಆಗ್ತದ. ಹೊರಗ ಕಮ್ಮಿ ಆದ ಕೂಡ್ಲೇ ಅಂಡಾಣು ಒಳಗಿದ್ದ ಸೈಕ್ಲಿಕ್ ಜಿಎಂಪಿ ಬಂದ ದಾರಿಯಿಂದಲೇ ವಾಪಸ್ ಹೊರಗ ಹರಿದು ಹೋಗ್ತದ. ಅಂದ್ರ ಅಂಡಾಣುವಿಗೆ ಹೊಸ ಸುದ್ದಿ ಅಂತ ಏನೂ ಒಳಗ ಬರಲಿಲ್ಲ, ಇಷ್ಟು ವರ್ಷ ಬರ್ತಿದ್ದದ್ದು ನಿಂತಿತು, ಅದೇ ಸುದ್ದಿ. ಪಿಡಿಇ3ಎ ಎದ್ದಿತು, ಸೈಕ್ಲಿಕ್ ಎಎಂಪಿ ಇಳೀತು, ಸಿಡಿಸಿ25ಬಿ ಅನ್ನೋ ಫಾಸ್ಫಟೇಸ್ (ಫಾಸ್ಫೇಟ್ ತೆಗೆಯೋ ಕಿಣ್ವ) ಸಿಡಿಕೆ1ಅನ್ನ ಬಿಡಿಸ್ತು, ಸೈಕ್ಲಿನ್ ಬಿ ಜೊತಿ ಕೂಡಿದ ಸಿಡಿಕೆ1 ನ್ಯೂಕ್ಲಿಯಸ್ಸಿನ ಪೊರಿ ಒಡೀತು, ಕ್ರೋಮೋಸೋಮ್ ಎಳೆಯೋ ದಾರಗಳ ಸ್ಪಿಂಡಲ್ ಕಟ್ಟಿತು, ಪೋಲಾರ್ ಬಾಡಿ ಬಿತ್ತು.

ಪರೀಕ್ಷೆದಾಗ ಹುಡುಗರು ತಪ್ಪೋದು ಒಂದು ಜಾಗದಾಗ, ಅದನ್ನೂ ಹೇಳಿಬಿಡ್ತೀನಿ. ಎಲ್‌ಎಚ್ ಕೂತ ಗ್ರಾನುಲೋಸಾ ಕೋಶದ ಒಳಗ ಸೈಕ್ಲಿಕ್ ಎಎಂಪಿ ಏರ್ತದ, ಅದೇ ಹೊತ್ತಿಗೆ ಅಂಡಾಣು ಒಳಗ ಸೈಕ್ಲಿಕ್ ಎಎಂಪಿ ಇಳೀತದ. ಒಂದೇ ಅಣು, ಒಂದೇ ಫಾಲಿಕಲ್, ಎರಡು ಕಡೆ ಎರಡು ದಿಕ್ಕು. ಯಾವ ಕೋಶದ ಮಾತು ಅಂತ ಬರೀದೇ "ಎಲ್‌ಎಚ್‌ನಿಂದ ಸೈಕ್ಲಿಕ್ ಎಎಂಪಿ ಇಳಿಯುತ್ತದೆ" ಅಂತ ಬರೆದ್ರ ಅರ್ಧ ಮಾರ್ಕ್ಸ್ ಹೋತು.

ಪಿಡಿಇ3ಎ ಇಲ್ಲದ ಇಲಿಗಳನ್ನೂ ಮಾಡಿ ನೋಡ್ಯಾರ. ಅವುಗಳ ಫಾಲಿಕಲ್ ಒಡೀತದ, ಅಂಡಾಣು ಹೊರಗೂ ಬರ್ತದ, ಆದ್ರ ಮೆಚೂರ್ ಆಗಿರಂಗಿಲ್ಲ, ಆ ಹೆಣ್ಣಿಲಿಗಳಿಗೆ ಮರಿ ಆಗಂಗಿಲ್ಲ. ನನಗ ಈ ಪ್ರಯೋಗ ಭಾಳ ಹಿಡಿಸ್ತದ, ಯಾಕಂದ್ರ ಎಗ್ ಹೊರಗ ಬೀಳೋದು ಬೇರೆ, ಎಗ್ ಮೆಚೂರ್ ಆಗೋದು ಬೇರೆ, ಎರಡನ್ನೂ ಒಂದೇ ಎಲ್‌ಎಚ್ ನಡಸ್ತದ ಅಷ್ಟೇ, ದಾರಿ ಬೇರೆ ಬೇರೆ ಅಂತ ಇದರಷ್ಟು ಸ್ಪಷ್ಟ ಬೇರೆ ಯಾವುದೂ ಹೇಳಂಗಿಲ್ಲ. ಸುತ್ತಲಿನ ಕ್ಯುಮುಲಸ್ ಕೋಶಗಳು ಆ ಹೊತ್ತಿಗೆ ಹಯಲುರೊನಾನ್ ಅನ್ನೋ ಅಂಟು ಬಿಟ್ಟು ಉಬ್ಬತಾವಲ್ಲ, ಅದಕ್ಕ ಎಲ್‌ಎಚ್ ಮಾತನ್ನ ಮುಟ್ಟಿಸೋದು ಆಂಫಿರೆಗುಲಿನ್, ಎಪಿರೆಗುಲಿನ್, ಬೀಟಾಸೆಲ್ಯುಲಿನ್ ಅನ್ನೋ ಇಜಿಎಫ್ ಬಳಗದ ಪ್ರೋಟೀನ್‌ಗಳು, ಇದು ಕಾಂಟಿ ಅನ್ನೋ ವಿಜ್ಞಾನಿಯ ತಂಡದ ಕೆಲಸ, ಅದೂ 2004ರದ್ದೇ.

ಸಿಡಿಕೆ1 ಮತ್ತು ಸೈಕ್ಲಿನ್ ಬಿ ಕೂಡಿದ್ದಕ್ಕ ಹಳೇ ಹೆಸರು ಎಂಪಿಎಫ್, 1971ರಾಗ ಮಸುಯಿ ಮತ್ತು ಮಾರ್ಕರ್ಟ್ ಕಪ್ಪೆ ಅಂಡಾಣುವಿನಾಗ ಕಂಡದ್ದು. ಆಮ್ಯಾಲ ಗೊತ್ತಾತು ಅದೇ ಜೋಡಿ ನಮ್ಮ ಮೈಯ ಎಲ್ಲಾ ಕೋಶ ಒಡೆಯೋದನ್ನೂ ನಡಸ್ತದ ಅಂತ, ಸೈಕ್ಲಿನ್ ಮತ್ತು ಸಿಡಿಕೆ ಕೆಲಸಕ್ಕ 2001ರಾಗ ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೆ ನೊಬೆಲ್ ಬಂತು. ಕಪ್ಪೆಯಾಗ ಮಾತ್ರ ಒಂದು ಫರಕು ಅದ, ಅಲ್ಲಿ ಪ್ರೊಜೆಸ್ಟರಾನ್ ನೇರವಾಗಿ ಅಂಡಾಣುವಿಗೇ ಬಂದು ಹೇಳ್ತದ. ಕಪ್ಪೆ ಚಿತ್ರ ತಂದು ಸಸ್ತನಿ ಉತ್ತರಕ್ಕ ಅಂಟಿಸಬ್ಯಾಡ.

ಪ್ರಶ್ನೆ: ಮೆಚೂರ್ ಆದ ಅಂಡಾಣು ಮೆಟಾಫೇಸ್ 2ರಾಗ ಮತ್ತ ನಿಲ್ತದ ಅಂತಾರ. ಒಮ್ಮೆ ಬಿಟ್ಟದ್ದು ಮತ್ಯಾಕ ನಿಲ್ಬೇಕು? (ಹೈಸ್ಕೂಲ್ ಟೀಚರ್, ಲಿಂಗಸುಗೂರು)

ಸರ, ಮೆಟಾಫೇಸ್ 2 ಅಂದ್ರ ಮಿಯೋಸಿಸಿನ ಎರಡನೇ ಸುತ್ತಿನ ನಡುವಿನ ಹಂತ, ಅಲ್ಲಿ ನಿಲ್ಲದೇ ಹೋದ್ರ ಗಂಡಿನ ಬೀಜಾಣು ಇಲ್ಲದೇ ತಾನೇ ಒಡಕೊಂಡು ಹೊರಡ್ತದ, ಅದರಿಂದ ಸಸ್ತನಿಗಳಾಗ ಜೀವ ಹುಟ್ಟಂಗಿಲ್ಲ. ಇಲ್ಲಿ ಹಿಡಿಯೋದು ಎಮಿ2 ಅನ್ನೋ ಪ್ರೋಟೀನ್, ಸೈಕ್ಲಿನ್ ಬಿ ನಾಶ ಆಗದಂಗ ಅದು ಕಾಯ್ತದ. ಬೀಜಾಣು ಒಳಗ ಬಂದಾಗ ತನ್ನ ಜೊತಿ ಪಿಎಲ್‌ಸಿ ಜೀಟಾ ಅನ್ನೋ ಕಿಣ್ವ ತರ್ತದ, 2002ರಾಗ ವೇಲ್ಸ್‌ನ ವಿಜ್ಞಾನಿಗಳು ಕಂಡುಹಿಡಿದದ್ದು, ಅದರಿಂದ ಅಂಡಾಣುವಿನಾಗ ಕ್ಯಾಲ್ಸಿಯಂ ಒಂದು ಸಲ ಅಲ್ಲ, ತಾಸುಗಟ್ಟಲೆ ಅಲಿ ಅಲಿಯಾಗಿ ಏರಿ ಇಳೀತದ. ಆ ಕ್ಯಾಲ್ಸಿಯಂ ಎಮಿ2ವನ್ನ ತೆಗೆಸ್ತದ, ಮಿಯೋಸಿಸ್ ಆಗ ಮುಗೀತದ. ಅಂದ್ರ ನಮ್ಮ ನಿಮ್ಮೆಲ್ಲರ ಅಂಡಾಣುವಿನ ಮಿಯೋಸಿಸ್ ಪೂರ್ತಿ ಆದದ್ದು ಬೀಜಾಣು ಒಳಗ ಬಂದ ಮ್ಯಾಲನೇ, ಮಕ್ಕಳಿಗೆ ಪಾಠ ಮಾಡುವಾಗ ಇದನ್ನ ಬಿಡಬ್ಯಾಡ್ರಿ, ಭಾಳ ಪುಸ್ತಕದಾಗ ಗರ್ಭ ಕಟ್ಟೋಕ್ಕಿಂತ ಮೊದಲೇ ಮುಗೀತದ ಅನ್ನೋ ಹಂಗ ಚಿತ್ರ ಇರ್ತದ. ಇಕ್ಸಿ ಮಾಡಿದ್ರೂ ಕೆಲವರಿಗೆ ಗರ್ಭಾಂಕುರ ಆಗದೇ ಇರೋದಕ್ಕ ಬೀಜಾಣುವಿನಾಗ ಈ ಪಿಎಲ್‌ಸಿ ಜೀಟಾ ಕೆಟ್ಟಿರೋದು ಒಂದು ಕಾರಣ, ಅಂದ್ರ ಅಲ್ಲೂ ಬರೀ ಹೆಣ್ಣಿನ ಎಗ್ಗಿನ ಮ್ಯಾಲೇ ದೂರು ಹಾಕೋದು ನ್ಯಾಯ ಅಲ್ಲ.

ಪ್ರಶ್ನೆ: 38ಕ್ಕ ಮದುವಿ ಆಗ್ಯದ. ವಯಸ್ಸಾದ್ರ ಎಗ್ ಕೆಡ್ತಾವ ಅಂತಾರ, ಖರೇನ? (ಗಂಗಾವತಿ)

ಖರೇ ಅದ ಅಕ್ಕಾರ, ಆದ್ರ ಹೆದರಿಸೋ ಹಂಗ ಹೇಳೋದು ನನಗ ಇಷ್ಟ ಇಲ್ಲ. ಕ್ರೋಮೋಸೋಮ್ ಜೋಡಿಗಳನ್ನ ಕೂಡಿಸಿ ಹಿಡಿಯೋ ಕೊಹೆಸಿನ್ ಅನ್ನೋ ಪ್ರೋಟೀನ್ ನೀವು ನಿಮ್ಮ ಅವ್ವನ ಹೊಟ್ಟ್ಯಾಗ ಇದ್ದಾಗ ಕೂಡಿಸಿದ್ದು, ಆಮ್ಯಾಲ ಹೊಸದು ಸೇರಂಗಿಲ್ಲ, ವರ್ಷ ಕಳೆದಂಗ ಸಡ್ಲಾಗ್ತದ. ಹಂಗಾಗಿ ಎಲ್‌ಎಚ್ ಬಂದು ಮಿಯೋಸಿಸ್ ಹೊರಟಾಗ ಕ್ರೋಮೋಸೋಮ್ ಹಂಚೋದು ತಪ್ಪೋದು ಹೆಚ್ಚಾಗ್ತದ. ಡೌನ್ ಸಿಂಡ್ರೋಮ್ ಲೆಕ್ಕ ಹೇಳೋದಾದ್ರ ತಾಯಿಗೆ 20 ವರ್ಷ ಇದ್ದಾಗ ಸುಮಾರು 1500 ಹೆರಿಗಿಗೆ ಒಂದು, 35ಕ್ಕ ಸುಮಾರು 350ಕ್ಕ ಒಂದು, 40ಕ್ಕ 100ಕ್ಕ ಒಂದು. 40ರಾಗೂ 99 ಕೂಸಿಗೆ ಅದು ಇರಂಗಿಲ್ಲ ಅನ್ನೋದನ್ನೂ ಅಷ್ಟೇ ಗಟ್ಟಿಯಾಗಿ ಓದ್ಕೋರಿ. ಆದ್ರ ತಡ ಮಾಡಬ್ಯಾಡ್ರಿ, 35 ದಾಟಿದೋರು ಆರು ತಿಂಗಳು ನೋಡಿ ಡಾಕ್ಟ್ರ ಹತ್ತಿರ ಹೋಗಬೇಕು, ಇಬ್ಬರೂ ಕೂಡಿ ಹೋಗ್ರಿ, ಮೊದಲ ದಿನವೇ ಗಂಡಿನ ಟೆಸ್ಟೂ ಆಗಲಿ.

ಪ್ರಶ್ನೆ: ನಮ್ಮವು ಕೆಂಗುರಿ. ಒಂದ ಮರಿ ಹಾಕ್ತಾವ. ಮಹಾರಾಷ್ಟ್ರದಾಗ ಎರಡೆರಡು ಹಾಕೋ ಕುರಿ ಮಾಡ್ಯಾರ ಅಂತ ವಿಡಿಯೋ ನೋಡಿದೆ. ಅದು ಇಂಜೆಕ್ಷನ್ನಾ? (ಕುಷ್ಟಗಿ)

ಇಂಜೆಕ್ಷನ್ ಅಲ್ಲ ತಮ್ಮ, ಅದು ರಕ್ತದಾಗ ಬರೋದು. ಮ್ಯಾಲ ಬರೆದದ್ದೆಲ್ಲಾ ಸುತ್ತಲಿನ ಕೋಶ ಅಂಡಾಣುವಿಗೆ ಹೇಳೋದು, ಅಂಡಾಣು ಕೂಡ ವಾಪಸ್ ಹೇಳ್ತದ, ಜಿಡಿಎಫ್9, ಬಿಎಂಪಿ15 ಅನ್ನೋ ಪ್ರೋಟೀನ್ ಬಿಟ್ಟು ಸುತ್ತಲಿನ ಕೋಶ ಹ್ಯಾಂಗ ಬೆಳೀಬೇಕು ಅಂತ ತಾನೇ ನಡಸ್ತದ. ಈ ಬಿಎಂಪಿ ಸುದ್ದಿ ಹಿಡಿಯೋ ಒಂದು ರಿಸೆಪ್ಟರ್ ಬಿಎಂಪಿಆರ್1ಬಿ. ಕೆಲವು ಕುರಿಗಳಾಗ ಅದರ ಜೀನಿನಾಗ ಒಂದೇ ಒಂದು ಅಕ್ಷರ ಬದಲಾಗ್ಯದ, ಅದರಿಂದ ಫಾಲಿಕಲ್‌ಗಳು ಸಣ್ಣ ಗಾತ್ರದಾಗ ಇದ್ದಾಗಲೇ ತಯಾರಾಗ್ತಾವ, ಒಂದರ ಬದಲು ಎರಡು ಮೂರು ಎಗ್ ಒಮ್ಮೆಗೇ ಬೀಳ್ತಾವ. ಇದಕ್ಕ ಫೆಕ್‌ಬಿ ಅಂತ ಕರೀತಾರ. ಆಸ್ಟ್ರೇಲಿಯಾದ ಬೂರೂಲಾ ಮೆರಿನೋ ಕುರಿಯಾಗ ಹೆಸರಾದದ್ದು, ಆದ್ರ ಮೂಲ ನಮ್ಮದೇ ಬಂಗಾಳದ ಸುಂದರಬನದ ಗರೋಲ್ ಅನ್ನೋ ಪುಟ್ಟ ಕುರಿ, 1790ರ ಸುಮಾರಿಗೆ ಕೋಲ್ಕತಾದಿಂದ ಹಡಗಿನಾಗ ಹೋದದ್ದು. 2001ರಾಗ ಜೀನ್ ಗೊತ್ತಾತು.

ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಆ ಗರೋಲ್ ಜೀನನ್ನ ನಮ್ಮ ಕಡೆಯ ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣ ಅನ್ನೋ ತಳಿ ಮಾಡ್ಯಾರ, ನೀನು ವಿಡಿಯೋದಾಗ ನೋಡಿದ್ದು ಅದೇ ಇರಬೇಕು. ನಿಮ್ಮ ಕೆಂಗುರಿಗೆ ಆ ಟಗರು ಬಿಟ್ರ ಮರಿಗಳಿಗೆ ಜೀನ್ ಬರ್ತದ, ಟಗರಿಗೆ ಜೀನ್ ಅಪ್ಪ-ಅವ್ವ ಎರಡೂ ಕಡೆಯಿಂದ ಬಂದಿದ್ರ ಎಲ್ಲಾ ಮರಿಗೂ, ಒಂದೇ ಕಡೆಯಿಂದ ಬಂದಿದ್ರ ಅರ್ಧಕ್ಕ. ಆದ್ರ ಅವಳಿ ಬೇಕು ಅನ್ನೋಕ್ಕಿಂತ ಮೊದಲು ಮೇವು ಲೆಕ್ಕ ಹಾಕು. ಕುಷ್ಟಗಿ ಕಡೆ ಬೇಸಿಗ್ಯಾಗ ಅಡವ್ಯಾಗ ಏನೂ ಇರಂಗಿಲ್ಲ, ದಿನಾ ಹತ್ತಾರು ಮೈಲು ಮೇಯಿಸ್ಕೊಂಡು ಹೋಗೋ ಹಿಂಡಿನಾಗ ಎರಡು ಮರಿಗೆ ಹಾಲು ಸಾಲದೇ ಎರಡೂ ಸೊರಗಿದ್ರ ಲಾಭ ಏನು? ಕೆಂಗುರಿ ಈ ಬಿಸಿಲಿಗೆ, ಈ ನಡಿಗೆಗೆ ಹೊಂದಿದ ಕುರಿ, ಆ ತಳಿನ ಕಲಬೆರಕಿ ಮಾಡಿ ಕಳಕೊಳ್ಳಬ್ಯಾಡ್ರಿ ಅಂತ ಕೈಮುಗಿದು ಕೇಳ್ತೀನಿ, ಮಾಡೋದಿದ್ರ ಹಟ್ಟ್ಯಾಗ ಕಟ್ಟಿ ಮೇಯಿಸೋ ಸಣ್ಣ ಗುಂಪಿನಾಗ ಮಾಡ್ರಿ. ಕಡಿಮಿ ಖರ್ಚಿನ ಒಂದು ದಾರಿ ಮೊದಲು ನೋಡು, ಟಗರು ಬಿಡೋಕ್ಕಿಂತ ಎರಡು ಮೂರು ವಾರ ಮೊದಲಿಂದ ಸೊರಗಿದ ಹೆಣ್ಣುಕುರಿಗಳಿಗೆ ದಿನಾ ಒಂದಿಷ್ಟು ಜ್ವಾಳ, ಮೆಕ್ಕೆಜ್ವಾಳ ಹಾಕು, ಬೀಳೋ ಎಗ್ಗಿನ ಸಂಖ್ಯೆ ಅದರಿಂದಲೂ ಏರ್ತದ.

ಪ್ರಶ್ನೆ: ಆಕಳು ಮುಂಜಾನೆ ಬೆದಿಗೆ ಬಂದ್ರ ಡಾಕ್ಟ್ರು ಸಂಜಿಗೆ ಕರ್ಕೊಂಡು ಬಾ ಅಂತಾರ. ಆಗಲೇ ಸೂಜಿ ಮಾಡಿದ್ರ ಏನಾಗ್ತದ? ಮತ್ತ ಬೇಸಿಗ್ಯಾಗ ಎಮ್ಮಿ ಗಬ್ಬ ನಿಲ್ಲಂಗಿಲ್ಲ ಯಾಕ? (ಸಿರುಗುಪ್ಪ)

ಡಾಕ್ಟ್ರು ಹೇಳೋದು ಸರಿ ಅದ. ಆಕಳು ಬೆದಿಗೆ ಬಂದು ಬೇರೆ ಆಕಳು ಹತ್ತಿದ್ರ ಸುಮ್ಮನೆ ನಿಲ್ಲೋ ಹೊತ್ತಿಗೇ ಮೈಯಾಗ ಎಲ್‌ಎಚ್ ಏರ್ತದ, ಅಲ್ಲಿಂದ ಎಗ್ ಮೆಚೂರ್ ಆಗಿ ಬೀಳೋಕೆ 24ರಿಂದ 32 ತಾಸು ಬೇಕು. ಸೂಜಿಯಿಂದ ಹಾಕಿದ ಬೀಜ ಗರ್ಭದಾಗ ಬಾಳೋದು ಒಂದು ದಿನದ ಹತ್ತಿರ, ತಯಾರಾಗೋಕೆ ಅದಕ್ಕೂ ಏಳೆಂಟು ತಾಸು ಬೇಕು. ಮುಂಜಾನೆಗೇ ಮಾಡಿಸಿದ್ರ ಎಗ್ ಬೀಳೋ ಹೊತ್ತಿಗೆ ಬೀಜ ಸೋತಿರ್ತದ, ಮರುದಿನ ಮಧ್ಯಾಹ್ನಕ್ಕ ಮಾಡಿಸಿದ್ರ ಎಗ್ ಹಳತಾಗಿರ್ತದ. ಮುಂಜಾನೆ ಬೆದಿ ಕಂಡ್ರ ಅವತ್ತೇ ಸಂಜಿಗೆ, ಸಂಜಿ ಕಂಡ್ರ ಮರುದಿನ ಮುಂಜಾನೆ, ಇಷ್ಟೇ.

ಎಮ್ಮಿದು ಕಷ್ಟ, ಬೆದಿ ಬಂದ್ರೂ ತೋರಿಸಂಗಿಲ್ಲ, ಅದೂ ಬೇಸಿಗ್ಯಾಗ ರಾತ್ರಿ ಹೊತ್ತಿನಾಗ ಸದ್ದಿಲ್ಲದೇ ಬಂದು ಹೋಗ್ತದ. ಅದರ ಮ್ಯಾಲ ನಮ್ಮ ಕಡೆ ಬಿಸಿಲು. ಮೈ ಕಾದ್ರ ಫಾಲಿಕಲ್ ಒಳಗಿನ ಎಗ್ಗಿಗೇ ಪೆಟ್ಟು ಬೀಳ್ತದ, ಒಂದು ಫಾಲಿಕಲ್ ದೊಡ್ಡದಾಗೋಕೆ ವಾರಗಟ್ಟಲೆ ಬೇಕಾಗೋದ್ರಿಂದ ಏಪ್ರಿಲ್-ಮೇ ಬಿಸಿಲಿನಾಗ ಪೆಟ್ಟು ತಿಂದ ಎಗ್ ಮಳಿ ಬಿದ್ದು ತಂಪಾದ ಮ್ಯಾಲ ಬೀಳ್ತಾವ, ಆಕಳಿನಾಗ ಇದನ್ನ ಚೆನ್ನಾಗಿ ನೋಡ್ಯಾರ. ಅದಕ್ಕ ಜೂನಿನಾಗ ಒಂದು ಸೂಜಿ ನಿಲ್ಲಲಿಲ್ಲ ಅಂತ ಎಮ್ಮಿ ಮಾರೋಕೆ ಹೋಗಬ್ಯಾಡ್ರಿ. ಕಾಲುವಿ ನೀರು ಇದ್ದಾಗ ಮಧ್ಯಾಹ್ನ ನೀರಾಗ ಬಿಡ್ರಿ, ನೀರಿಲ್ಲಂದ್ರ ನೆರಳಾಗ ಕಟ್ಟಿ ಎರಡು ಮೂರು ಸಲ ಮೈಮ್ಯಾಲ ನೀರು ಹಾಕ್ರಿ, ಮುಂಜಾನೆ ಐದರ ಹೊತ್ತಿಗೆ ಮತ್ತ ರಾತ್ರಿ ಮಲಗೋಕ್ಕಿಂತ ಮೊದಲು ಒಂದು ಸಲ ಬೆದಿ ನೋಡ್ರಿ, ಹಿಂದ ಲೋಳಿ ಬಿದ್ದದ ಏನು, ಹಾಲು ತಟ್ಟನೆ ಕಮ್ಮಿ ಆಗ್ಯದ ಏನು ಅಂತ. ಎರಡು ತಿಂಗಳು ಹಿಂಗ ನೋಡ್ಕೊಂಡು ಆಗಸ್ಟ್-ಸೆಪ್ಟೆಂಬರಿನಾಗ ಮಾಡಿಸಿದ್ರ ಗಬ್ಬ ನಿಲ್ಲೋ ಸಾಧ್ಯತೆ ಹೆಚ್ಚು.